ಫೋಮಿನ ಕಿರೀಟ

ಮಟಕಿ ಊರಿನ ನಮ್ಮ ಮನೆಯಲ್ಲಿ ದೇವರ ಕೋಣೆಗೆ ಕಿಟಕಿ ಇರಲಿಲ್ಲ. ಮಾಳಿಗೆಯ ಮಣ್ಣಿನಲ್ಲಿ ಒಂದು ಬೆಳಕಿಂಡಿ ಇತ್ತು. ಯಾವುದೋ ಮಳೆಗಾಲದಲ್ಲಿ ಅದರ ಮೇಲೆ ಎಳೆದ ಹಾಸುಗಲ್ಲನ್ನು ಮತ್ತೆ ಯಾರೂ ಸರಿಸಿರಲಿಲ್ಲ. ಒಂದೇ ಬಾಗಿಲು, ಅದಕ್ಕೆ ಒಳಗಿನಿಂದ ಒಂದೇ ಚಿಲಕ. ಎದುರಿನ ಗೋಡೆಗೆ ಜಗಲಿ, ಅದರ ಮೇಲೆ ವಿಭೂತಿಯ ಗಟ್ಟಿಗಳು, ತೀರಿಕೊಂಡ ಹಿರಿಯರ ಲಿಂಗದ ಬೆಳ್ಳಿಯ ಕರಡಿಗೆಗಳು, ಹಿತ್ತಾಳೆಯ ಆರತಿ ತಟ್ಟೆ. ಪಕ್ಕದ ಗೋಡೆಗೆ ಎದೆಯೆತ್ತರ ಪೇರಿಸಿದ ಕೌದಿಗಳು. ಬೇಸಿಗೆಯಲ್ಲಿ ಇಡೀ ಮನೆಯಲ್ಲಿ ತಣ್ಣಗಿರುತ್ತಿದ್ದ ಜಾಗ ಅದೊಂದೇ. ಮಧ್ಯಾಹ್ನ ನಾನು ಅಲ್ಲಿಯ ಫರ್ಸಿ ಕಲ್ಲಿಗೆ ಕೆನ್ನೆಯಿಟ್ಟು ಮಲಗುತ್ತಿದ್ದೆ. ಈಗ ಜೇವರ್ಗಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಪ್ರಯೋಗಶಾಲೆಗೆ ಹೋದೊಡನೆ ಎರಡೂ ಬಾಗಿಲು ತೆರೆದು, ಒಂದೊಂದಕ್ಕೂ ಒಂದು ಇಟ್ಟಿಗೆ ಒತ್ತರಿಸಿ, ಆಮೇಲೆ ಹಾಜರಿ ಕರೆಯುತ್ತೇನೆ. ಹುಡುಗಿಯರು ಬೆನ್ನ ಹಿಂದೆ ನನ್ನನ್ನು ‘ಇಟ್ಟಂಗಿ ಮೇಡಂ’ ಎನ್ನುತ್ತಾರೆಂದು ಗೊತ್ತಿದೆ. ಯಾಕೆ ಹೀಗೆ ಮಾಡುತ್ತೇನೆಂದು ಅವರಿಗೆ ಹೇಳಿಲ್ಲ. ಮನೆಯವರಿಗೂ ಹೇಳಿರಲಿಲ್ಲ.

ಮನೆಯಲ್ಲಿ ನಾವು ಆರು ಜನ. ಆಯಿ, ಅಂದರೆ ಅಪ್ಪನ ತಾಯಿ. ಅಪ್ಪ, ಅವ್ವ, ನಾನು. ಅಪ್ಪನ ತಮ್ಮ ಗುರು ಕಾಕಾ, ಅವನ ಹೆಂಡತಿ ನೀಲಮ್ಮ ಕಾಕು. ಅಪ್ಪ ಹೊಲ ನೋಡಿಕೊಳ್ಳುತ್ತಿದ್ದ. ಕಾಕಾ ಆಳಂದದಲ್ಲಿ ಒಂದು ಸಣ್ಣ ಅಂಗಡಿ ಇಟ್ಟು, ಟ್ರ್ಯಾಕ್ಟರಿಗೆ, ಮೋಟರ್‌ಸೈಕಲ್ಲಿಗೆ ಸೀಟು ಹೊಲಿದು ಕೊಡುತ್ತಿದ್ದ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುವಾಗ ಅವನ ಚೀಲದಲ್ಲಿ ರೆಕ್ಸಿನಿನ ತುಂಡುಗಳು, ಫೋಮಿನ ಚೂರುಗಳು ಇರುತ್ತಿದ್ದವು. ನನ್ನ ಶಾಲೆಯ ಚೀಲ ಟ್ರ್ಯಾಕ್ಟರ್ ಸೀಟಿನ ಕೆಂಪು ರೆಕ್ಸಿನಿನದು. ಅವ್ವನ ಹಿಟ್ಟಿನ ಡಬ್ಬಿಯ ಮುಚ್ಚಳಕ್ಕೆ ಅದೇ ರೆಕ್ಸಿನಿನ ಅಂಚು. ಫೋಮಿಗೆ ರೆಕ್ಸಿನ್ ಅಂಟಿಸುವ ಹಳದಿ ಅಂಟಿಗೆ ಅವನು ಸೊಲ್ಯೂಷನ್ ಅನ್ನುತ್ತಿದ್ದ. ಅದರ ವಾಸನೆ ಅವನ ಅಂಗಿಯಿಂದ ಹೋಗುತ್ತಲೇ ಇರಲಿಲ್ಲ. ಊಟಕ್ಕೆ ಕೂತಾಗ ಬೆರಳಿನ ಮೇಲೆ ಒಣಗಿದ ಅಂಟನ್ನು ಪೊರೆಯಂತೆ ಸುಲಿದು ಸುಲಿದು ತಟ್ಟೆಯ ಪಕ್ಕ ಇಡುತ್ತಿದ್ದ. ಕಾಕು ರೊಟ್ಟಿ ಹಾಕುವ ಮುಂಚೆ ಅವನ ಕೈ ನೋಡುತ್ತಿದ್ದಳು.

“ಹಾವು ಪೊರಿ ಬಿಟ್ಟಂಗ ಬಿಡ್ತೀರಲ್ರಿ. ತೊಳದು ಬಂದ್ರ ರೊಟ್ಟಿ ಓಡಿ ಹೋಗ್ತದೇನು?”

“ತೊಳದ್ರ ಹೋಗಂಗಿಲ್ಲ ಬೇ ಇದು. ಪಕ್ಕಾ ಮಾಲು.”

ಆ ಅಂಟಿನ ವಿದ್ಯೆಯನ್ನು ಅವನು ನನಗೆ ಕಲಿಸಿದ್ದ. ಎರಡೂ ಕಡೆ ಹಚ್ಚಬೇಕು, ಹಚ್ಚಿದ ಕೂಡಲೇ ಜೋಡಿಸಬಾರದು. ಗಾಳಿಗೆ ಇಟ್ಟು, ಬೆರಳಿನ ಬೆನ್ನು ಮುಟ್ಟಿಸಿ ನೋಡಬೇಕು. ಅಂಟಿದರೆ ಆರಿಲ್ಲ, ಅಂಟದಿದ್ದರೆ ಆರಿದೆ. ಬೆರಳ ತುದಿಗೆ ಸುಳ್ಳು ಹೇಳಬಹುದು, ಬೆನ್ನಿಗೆ ಹೇಳಲಾಗದು ಎನ್ನುತ್ತಿದ್ದ. ಅಂಗಡಿಯಲ್ಲಿ ಈ ಕೆಲಸವನ್ನೆಲ್ಲ ಅವನು ರಸ್ತೆಯ ಪಕ್ಕ, ಬಯಲಲ್ಲಿ ಮಾಡುತ್ತಿದ್ದ. ಅಲ್ಲಿ ಗಾಳಿಯ ವಿಚಾರ ಯಾರೂ ಮಾಡಬೇಕಾಗಿರಲಿಲ್ಲ.

ನನಗೆ ಹತ್ತು ವರ್ಷವಾಗಿದ್ದ ಬೇಸಿಗೆಯಲ್ಲಿ, ಬಸವ ಜಯಂತಿಗೆ ಊರಿನವರು ಆಡುವ ನಾಟಕದಲ್ಲಿ ಕಾಕಾನಿಗೆ ಅರಸನ ಪಾತ್ರ ಬಂತು. ಶರಣರನ್ನು ಕಾಡಿ ಕೊನೆಗೆ ಕಿರೀಟ ಕಳಚಿ ಅವರ ಪಾದಕ್ಕಿಡುವ ಅರಸ. ಪ್ರತಿ ವರ್ಷ ಕಿರೀಟ ಕರಜಗಿಯ ನಾಟಕದವರಿಂದ ಬರುತ್ತಿತ್ತು. ಹಗುರ ಕಟ್ಟಿಗೆಯದು, ಕನ್ನಡಿ ಚೂರು ಕೂರಿಸಿದ್ದು. ಆ ವರ್ಷ ಅವರ ಊರಲ್ಲೂ ಅದೇ ದಿನ ಆಟವಿತ್ತು. ಕಿರೀಟವಿಲ್ಲದ ಅರಸನ ವಿಷಯ ನಮ್ಮ ಪಡಸಾಲೆಯಲ್ಲಿ ಎರಡು ದಿನ ಚರ್ಚೆಯಾಯಿತು. ಅಪ್ಪ ರುಮಾಲು ಸುತ್ತಿಕೋ ಅಂದ. ಕೊನೆಯ ದೃಶ್ಯದಲ್ಲಿ ರುಮಾಲು ಬಿಚ್ಚುತ್ತ ಕೂತರೆ ಜನ ಎದ್ದು ಮನೆಗೆ ಹೋಗುತ್ತಾರೆ ಎಂದು ಕಾಕಾ. ಮನೆಯಲ್ಲೇ ಮಾಡೋಣ ಎಂದವಳು ಆಯಿ.

ಆಯಿಯ ಕೈಯಲ್ಲಿ ರದ್ದಿಯ ಕಸುಬಿತ್ತು. ಹಳೆಯ ಕಾಗದ ನೆನೆಸಿ, ಮೆಂತ್ಯದ ಜೊತೆ ಒರಳಲ್ಲಿ ರುಬ್ಬಿ, ಬೋರಲು ಹಾಕಿದ ಗಡಿಗೆಯ ಮೇಲೆ ಮೆತ್ತಿ ಬುಟ್ಟಿ ಮಾಡುತ್ತಿದ್ದಳು. ನಮ್ಮ ಮನೆಯ ತೊಗರಿಬೇಳೆಯೆಲ್ಲ ಅಂಥ ಬುಟ್ಟಿಗಳಲ್ಲೇ ಇರುತ್ತಿತ್ತು. ಕಾಕಾನ ತಲೆಯಳತೆಗೆ ಗಡಿಗೆ ಹುಡುಕಿ ಅವಳು ಕಿರೀಟ ಮೆತ್ತಿದಳು. ಒಣಗುತ್ತ ಒಣಗುತ್ತ ಅದು ಕುಗ್ಗಿತು. ಐದನೆಯ ದಿನ ಕಾಕಾ ತಲೆಗಿಟ್ಟುಕೊಂಡರೆ ನೆತ್ತಿಯ ಮೇಲೆ ಚಟ್ಟಿಗೆಯಂತೆ ಕೂತಿತು.

“ಗಡಿಗಿ ಬರೋಬ್ಬರಿ ಇತ್ತು,” ಅಂದಳು ಆಯಿ. “ನಿನ್ನ ತಲಿನೇ ಉಬ್ಬ್ಯಾದ. ಅರಸನ ಪಾರ್ಟು ಸಿಕ್ಕ ಮ್ಯಾಲ.”

ಕಾಕಾನೂ ನಕ್ಕ. ಆ ಕಿರೀಟದಲ್ಲಿ ಅವ್ವ ಬೆಳ್ಳುಳ್ಳಿ ತುಂಬಿಟ್ಟಳು.

ಎರಡನೆಯದು ಥರ್ಮಾಕೋಲಿನದು. ಹಿಂದಿನ ವರ್ಷ ಟಿವಿ ತಂದ ಡಬ್ಬಿಯಲ್ಲಿ ಬಂದಿದ್ದ ಬಿಳಿಯ ತುಂಡುಗಳನ್ನು ಅವ್ವ ಮಾಳಿಗೆ ಕೋಣೆಯಲ್ಲಿ ಕಾಪಾಡಿದ್ದಳು. ಕಾಕಾ ಅವನ್ನು ಚಾಕುವಿನಿಂದ ಚೆಂದ ಕೆತ್ತಿದ. ಅಂಗಳದಲ್ಲಿ ಹಾರಿದ ಬಿಳಿ ಹರಳುಗಳನ್ನು ಕಾಳೆಂದುಕೊಂಡು ಓಣಿಯ ಕೋಳಿಗಳು ಕುಕ್ಕಿ ಕುಕ್ಕಿ ಸೋತವು. ಆಮೇಲೆ ಹೂವಿನ ಪಟ್ಟಿ ಅಂಟಿಸಲು ಸೊಲ್ಯೂಷನ್ ಹಚ್ಚಿದ. ನಾನು ಪಕ್ಕದಲ್ಲೇ ಕೂತಿದ್ದೆ. ಹಚ್ಚಿದ ಕಡೆ ಬಿಳಿ ಗೋಡೆ ಸಣ್ಣಗೆ ಸುಯ್ಯೆಂದು ತನ್ನೊಳಗೇ ಇಳಿಯತೊಡಗಿತು. ಸುಟ್ಟಂತಲ್ಲ, ಮುರಿದಂತಲ್ಲ, ಬಿಸಿ ಹಾಲಿನಲ್ಲಿ ಬೆಲ್ಲ ಇಳಿದ ಹಾಗೆ. ಒಂದು ಗೋಪುರ ನಮ್ಮೆದುರೇ ಇಲ್ಲವಾಯಿತು.

“ಲೇ ಲೇ, ತಿನ್ನಾಕತ್ತದ ನೋಡು ಇದು,” ಅಂದ ಕಾಕಾ. ಕೋಪಕ್ಕಿಂತ ಬೆರಗೇ ಹೆಚ್ಚಿತ್ತು ಅವನ ದನಿಯಲ್ಲಿ. “ಹತ್ತು ವರ್ಷಾತು ಈ ಅಂಟಿನ ಜೋಡಿ ಬಾಳೇವು ಮಾಡಾಕತ್ತೇನಿ, ಇದಕ್ಕ ಹಲ್ಲು ಅದಾವಂತ ಗೊತ್ತೇ ಇರಲಿಲ್ಲ.”

ಒಂದು ವಸ್ತು ಇನ್ನೊಂದನ್ನು ಹೀಗೆ ಸದ್ದಿಲ್ಲದೆ ನುಂಗಬಹುದೆಂದು ನಾನು ನೋಡಿದ್ದು ಅಂದೇ ಮೊದಲು. ಊಟಕ್ಕೂ ಏಳದೆ ಆ ಗುಂಡಿಯನ್ನೇ ನೋಡುತ್ತ ಕೂತಿದ್ದೆ. ನಾನು ಮುಂದೆ ಏನು ಓದಬೇಕೆಂಬುದು ಬಹುಶಃ ಆ ಮಧ್ಯಾಹ್ನವೇ ನಿಶ್ಚಯವಾಯಿತು. ಅಷ್ಟು ಹೊತ್ತು ನೋಡಿಯೂ ನಮಗಿಬ್ಬರಿಗೂ ತಿಳಿಯಬೇಕಾದದ್ದು ತಿಳಿಯಲಿಲ್ಲ. ಥರ್ಮಾಕೋಲು ಇದಕ್ಕೆ ಆಗದು ಎಂದಷ್ಟೇ ಕಲಿತೆವು. ಅಂಟಿನಿಂದ ಎದ್ದು ಗಾಳಿಗೆ ಹೋಗುತ್ತಿರುವುದು ಏನು ಎಂದು ಕೇಳಲಿಲ್ಲ.

ಹಾಗಾಗಿ ಮೂರನೆಯದು ಫೋಮು. ಫೋಮನ್ನು ಆ ಅಂಟು ತಿನ್ನುವುದಿಲ್ಲ. ಫೋಮೇ ಅದನ್ನು ಕುಡಿಯುತ್ತದೆ. ಕಾಕಾ ಅಂಗಡಿಯಿಂದ ಬೆರಳುದಪ್ಪದ ಹಾಳೆ ತಂದು, ಪದರದ ಮೇಲೆ ಪದರ ಅಂಟಿಸಿ, ಒಳಗೆ ತಲೆಗೆ ಒತ್ತದ ಹಾಗೆ ಪೊಳ್ಳು ಬಿಟ್ಟು, ಮೇಲಕ್ಕೆ ಐದು ಗೋಪುರ ಎಬ್ಬಿಸಿದ. ಅದಕ್ಕೆ ಬಂಗಾರ ಬಣ್ಣದ ಪುಡಿಯನ್ನು, ಬಣ್ಣ ತೆಳುಮಾಡುವ ತಿನ್ನರಿನಲ್ಲಿ ಕಲಸಿ ಬಳಿದ. ಹಬ್ಬದ ಹಿಂದಿನ ದಿನ ಅದು ಮುಗಿಯಬೇಕಿತ್ತು. ಆ ದಿನ ಅಂಗಡಿಗೆ ಯಾರೋ ಟ್ರ್ಯಾಕ್ಟರಿನ ಸೀಟು ಅವಸರಕ್ಕೆ ತಂದರು. ಹೀಗಾಗಿ ಹಬ್ಬದ ಮಧ್ಯಾಹ್ನದವರೆಗೂ ಕಾಕಾ ಗೋಪುರಗಳಿಗೆ ಎರಡನೆಯ ಸಲ ಬಣ್ಣ ಬಳಿಯುತ್ತಿದ್ದ, ಹೂವುಗಳನ್ನು ಅಂಟಿಸುತ್ತಿದ್ದ. ವೈಶಾಖದ ಗಾಳಿಗೆ ಅಂಗಳದ ಧೂಳು ಎದ್ದು ಬಂಗಾರದ ಮೇಲೆ ಕೂರುತ್ತಿತ್ತು. ಅದಕ್ಕೆಂದು ಅವನು ಎಲ್ಲವನ್ನೂ ಎತ್ತಿಕೊಂಡು ದೇವರ ಕೋಣೆಗೆ ಹೋದ. ಗಾಳಿ ಬಾರದ ಜಾಗ ಮನೆಯಲ್ಲಿ ಅದೊಂದೇ.

ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಮೊದಲ ಸಲ ತಲೆಗೆ ಏರುವ ಯಾವ ವಸ್ತುವೂ ಜಗಲಿಯ ಮುಂದೆ ಬಂದೇ ಏರಬೇಕು. ಮದುಮಗನ ರುಮಾಲಾಗಲಿ, ಬಾಸಿಂಗವಾಗಲಿ, ಕೂಸಿನ ಕುಂಚಿಗೆಯಾಗಲಿ, ಅದಕ್ಕೆ ವಿಭೂತಿ ಹಚ್ಚಿ, ಮನೆಯ ಸೊಸೆ ಕರ್ಪೂರದಾರತಿ ಬೆಳಗಿದ ಮೇಲೆಯೇ ತೊಡುವುದು. ಆರತಿ ನಡುವೆ ಆರಬಾರದು. ನಾಟಕದ ಕಿರೀಟಕ್ಕೆ ಇದೆಲ್ಲ ಯಾಕೆ ಎಂದು ಅಪ್ಪ ಕೇಳಿದ್ದಕ್ಕೆ ಆಯಿ, ತಲೆ ನಾಟಕದ್ದೇನು, ತಲೆ ನನ್ನ ಮಗನದು ಅಂದಳು. ಆ ಹೊತ್ತಿಗಾಗಲೇ ಹಲಗೆ ಬಾರಿಸುವವರು ಅರಸನನ್ನು ಮೆರವಣಿಗೆಯಲ್ಲಿ ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದರು. ನಾಟಕ ಮಂಡಳಿಯವನೊಬ್ಬ ಹೊರಗಿನಿಂದ ಕೂಗಿದ.

“ಅರಸರೇ, ತಯಾರ್ ಆದ್ರೇನ್ರಿ? ಇಲ್ಲಾ ರಾಣಿಯವರು ಬಿಡವಲ್ರೇನು?”

“ಬಂದೆ ಬಂದೆ. ಕಿರೀಟ ಆರ್ಯದ,” ಅಂದ ಕಾಕಾ.

ಅಪ್ಪ ಹೊರಗೆ ಮಂದಿಯ ಜೊತೆ ಇದ್ದ. ಒಳಗೆ ನಾವು ಐವರು. ಆಯಿ ಜಗಲಿಯ ಪಕ್ಕ ಕೂತಿದ್ದಳು. ಕಾಕಾ ಕಿರೀಟವನ್ನು ಎರಡೂ ಅಂಗೈ ಮೇಲೆ ಹಿಡಿದು ನಿಂತಿದ್ದ. ಅವನೆದುರು ಕಾಕು, ಆರು ತಿಂಗಳ ಬಸುರಿ, ಬೆನ್ನಿಗೆ ಕೌದಿಗಳ ರಾಶಿ. ಅವಳ ಪಕ್ಕ ಅವ್ವ. ಬಾಗಿಲ ಬಳಿ ನಾನು. ಕೋಣೆಯ ತುಂಬ ತಿನ್ನರಿನ ವಾಸನೆ ಕಣ್ಣು ಉರಿಯುವಷ್ಟು ಇತ್ತು. ಅವ್ವ ಸೆರಗು ಮೂಗಿಗೆ ಹಿಡಿದಿದ್ದಳು. ಆಯಿಗೆ ಅದು ದೇವರ ಮುಂದೆ ಶೋಭಿಸುವ ವಾಸನೆ ಅನ್ನಿಸಲಿಲ್ಲ.

“ಗಬ್ಬು ವಾಸನಿ ಹೊಡ್ಯಾಕತ್ತದ. ನೀಲಾ, ಕರ್ಪೂರ ಒಂದೀಟು ಜಾಸ್ತಿನೇ ಇಡು, ವಾಸನಿ ಹೋಗ್ಲಿ. ಲೀಲಾ, ಬಾಗಲಾ ಹಾಕು ಬೇ, ಗಾಳಿಗಿ ಆರತಿ ಆರ್ತದ.”

ನಾನು ಬಾಗಿಲು ಹಾಕಿ ಚಿಲಕ ಎಳೆದೆ. ಕಾಕು ಕಡ್ಡಿ ಗೀರಿದಳು.

ಆರತಿಯ ತಟ್ಟೆ ಒಂದು ಸುತ್ತು ಬಂತು. ಎರಡನೆಯ ಸುತ್ತಿನಲ್ಲಿ ಕಿರೀಟದ ಕೆಳಗೆ ಹೋದಾಗ ದೀಪ ಮುಟ್ಟಲೇ ಇಲ್ಲ. ಅದನ್ನು ನಾನು ಮನಸ್ಸಿನಲ್ಲಿ ಸಾವಿರ ಸಲ ಮತ್ತೆ ನೋಡಿದ್ದೇನೆ, ಮುಟ್ಟಲಿಲ್ಲ. ತಟ್ಟೆಗೂ ಕಿರೀಟಕ್ಕೂ ನಡುವೆ ಒಂದು ಗೇಣು ಬರಿಯ ಗಾಳಿ ಇತ್ತು, ಆ ಗಾಳಿಯೇ ಹತ್ತಿಕೊಂಡಿತು. ಮೊದಲು ನೀಲಿಯಾಗಿ, ಬಟ್ಟೆ ಕೊಡವಿದಂಥ ಸದ್ದಿನೊಂದಿಗೆ. ಆಮೇಲೆ ಗೋಪುರಗಳು. ಕಾಕಾ ಅದನ್ನು ಬಿಸಾಡಬಹುದಿತ್ತು, ಆದರೆ ಬಿಸಾಡಲು ಜಾಗವಿರಲಿಲ್ಲ. ಎದುರಿಗೆ ಬಸುರಿ, ಅವಳ ಹಿಂದೆ ಹತ್ತಿಯ ಕೌದಿಗಳು, ಕಾಲ ಬಳಿ ಕೂತ ತಾಯಿ. ಅವನು ಎರಡೂ ಕೈ ಮೇಲೆತ್ತಿ, ಉರಿಯುವ ಕಿರೀಟವನ್ನು ಎಲ್ಲರಿಂದ ದೂರ ಹಿಡಿದು ನಿಂತ. ಮೊದಲ ಸಲ ತೀರ ಸಾದಾ ದನಿಯಲ್ಲಿ ಹೇಳಿದ.

“ಲೀಲಾ, ಬಾಗಲಾ ತಗಿ.”

ನಾನು ತೆಗೆಯಲಿಲ್ಲ. ಅವನ ಮುಖದ ಮೇಲೆ ಬೆಳಕು ಬಿದ್ದಿತ್ತು. ಕತ್ತಲ ಕೋಣೆಯಲ್ಲಿ ಹಣೆ, ಮೂಗು, ಮೀಸೆ ಎಲ್ಲ ಬಂಗಾರವಾಗಿ, ಅಷ್ಟು ದಿನ ಬರಿಯ ಮಾತಿನಲ್ಲಿದ್ದ ಅರಸ ನಿಜಕ್ಕೂ ಬಂದ ಹಾಗಿತ್ತು. ಕರಗಿದ ಫೋಮು ಹನಿ ಹನಿಯಾಗಿ, ಪ್ರತಿ ಹನಿಯೂ ಉರಿಯುತ್ತ, ಅವನ ಮುಂಗೈ ಮೇಲೆ ಇಳಿಯುತ್ತಿತ್ತು. ಥರ್ಮಾಕೋಲು ಕರಗುವುದನ್ನು ನೋಡಿದ ಅದೇ ಕಣ್ಣಿನಿಂದ ನಾನು ಇದನ್ನೂ ನೋಡುತ್ತ ನಿಂತೆ.

“ಲೀಲಾ. ಬಾಗಲಾ.”

ಕಾಕುವಿನ ಕೈಯಿಂದ ತಟ್ಟೆ ಫರ್ಸಿಯ ಮೇಲೆ ಬಿತ್ತು. ಆ ಸದ್ದಿಗೆ ನನ್ನ ಕೈ ಚಿಲಕಕ್ಕೆ ಹೋಯಿತು. ಒಂದೇ ಎಳೆತಕ್ಕೆ ಬಂತು. ಅವನು ನನ್ನನ್ನು ದಾಟಿ, ಪಡಸಾಲೆ ದಾಟಿ, ಅಂಗಳದಲ್ಲಿ ದನಗಳಿಗೆ ನೀರಿಡುವ ಬಾನಿಯಲ್ಲಿ ಕಿರೀಟ ಸಮೇತ ಮೊಣಕೈವರೆಗೂ ಕೈ ಅದ್ದಿದ. ಬೀದಿ ಬಾಗಿಲಲ್ಲಿದ್ದ ಹಲಗೆಯವರು ಕಿರೀಟದ ಬೆಳಕು ಕಂಡು ಅರಸ ಬಂದನೆಂದುಕೊಂಡು ಜೋರಾಗಿ ಬಾರಿಸತೊಡಗಿದ್ದರು. ಅಪ್ಪ ಹೋಗಿ ಅವರ ಕೋಲು ಹಿಡಿದುಕೊಂಡ ಮೇಲೆಯೇ ಅದು ನಿಂತಿದ್ದು.

ಅವನ ಕೈಗೆ ಅಂಟಿದ್ದನ್ನು ಕೀಳಲು ಯಾರೋ ಮುಂದಾದರು. ಅವ್ವ ಬೇಡವೆಂದು ತಡೆದಳು. ಜೀಪಿನಲ್ಲಿ ಕಲಬುರಗಿಯ ದವಾಖಾನೆಗೆ ಒಯ್ದರು. ಬಿಸಿಲುಗಾಲ ಕಳೆದು ತೊಗರಿ ಬಿತ್ತನೆ ಆದ ಮೇಲೆ ಅವನು ಮನೆಗೆ ಬಂದ. ಎಡಗೈಯ ಕೊನೆಯ ಎರಡು ಬೆರಳು ಒಂದಾಗಿದ್ದವು. ಬಲಗೈ ಹೆಬ್ಬೆರಳು ಮಡಚುತ್ತಿರಲಿಲ್ಲ. ಎರಡೂ ಮುಂಗೈಗಳ ಚರ್ಮ ಬತ್ತಿದ ಕೆರೆಯ ನೆಲದ ಹಾಗೆ ಎಳೆದುಕೊಂಡಿತ್ತು, ಅಲ್ಲಿ ಬಿಸಿ ತಂಪು ಯಾವುದೂ ತಿಳಿಯುತ್ತಿರಲಿಲ್ಲ. ಮೆಷಿನ್ ತುಳಿಯಲು ಕಾಲು ಬರುತ್ತಿತ್ತು, ಸೂಜಿಗೆ ದಾರ ಪೋಣಿಸಲು ಕೈ ಬರುತ್ತಿರಲಿಲ್ಲ. ಅಂಗಡಿಗೆ ಬೀಗ ಬಿತ್ತು. ಕಾಕು ಮುಂದಿನ ಎಷ್ಟೋ ತಿಂಗಳು ಒಂದು ಕೈಯಲ್ಲಿ ಹೊಸದಾಗಿ ಹುಟ್ಟಿದ ಮಗ ಬಸುವನ್ನು ಹಿಡಿದು, ಇನ್ನೊಂದರಿಂದ ಗಂಡನ ಬಾಯಿಗೆ ರೊಟ್ಟಿ ಮುರಿದು ಇಡುತ್ತಿದ್ದಳು.

ಆಮೇಲೆ ನಮ್ಮ ಮನೆಯ ಊಟದ ಹೊತ್ತು ಬೇರೆಯೇ ಆಯಿತು. ತಪ್ಪು ತಟ್ಟೆಯಿಂದ ತಟ್ಟೆಗೆ ಸುತ್ತುತ್ತಿತ್ತು.

“ಕರ್ಪೂರ ಜಾಸ್ತಿ ಇಡು ಅಂದವ್ರು ಯಾರ್ರಿ ಅತ್ತಿ? ನಾನೇನು ನನ್ನ ಮನಸ್ಸಿಂದ ಇಟ್ಟೇನೇನು?”

“ನಾನೇ ಅಂದೆ. ಬಾಗಲಾ ಹಾಕಸಿದವಳೂ ನಾನೇ. ಇನ್ನೂ ಏನರ ಇದ್ರ ಅದನ್ನೂ ನನ್ನ ಮ್ಯಾಲೇ ಹಾಕು, ಹೊರ್ತೇನಿ.”

“ಸುಮ್ಮಕೂಡ್ರಿ ಇಬ್ಬರೂ,” ಎನ್ನುತ್ತಿದ್ದ ಅಪ್ಪ. “ಆ ಚಿಲಕಾ ಜಂಗು ಹಿಡದಿತ್ತು. ಹತ್ತು ವರ್ಷದ ಕೂಸಿಗಿ ಜಲ್ದಿ ಹ್ಯಾಂಗ ಬರ್ತದ ಅದು? ಹೊಸಾದು ಹಾಕಸಬೇಕಿತ್ತು, ಹಾಕಸಲಿಲ್ಲ. ನನ್ನ ತಪ್ಪದು.”

ಚಿಲಕ ತುಕ್ಕು ಹಿಡಿದದ್ದು ನಿಜ. ಕಿರುಗುಟ್ಟುತ್ತದೆಂದು ಹಬ್ಬಕ್ಕೆ ಎರಡು ದಿನ ಮುಂಚೆ ಅವ್ವ ಅದನ್ನು ಬೂದಿಯಿಂದ ತಿಕ್ಕಿ ಕುಸುಬಿ ಎಣ್ಣೆ ಹಚ್ಚಿದ್ದಳು. ಎಣ್ಣೆಯ ಬಟ್ಟಲು ಹಿಡಿದು ನಿಂತವಳು ನಾನು. ಎಣ್ಣೆ ಬಿದ್ದ ಮೇಲೆ ಅದು ಬೆಣ್ಣೆಯ ಹಾಗೆ ಓಡುತ್ತಿತ್ತು. ಮಜಾ ಅನ್ನಿಸಿ ನಾನೇ ಹತ್ತು ಸಲ ಎಳೆದು ಬಿಟ್ಟಿದ್ದೆ. ಅಪ್ಪ ಆ ಮಾತು ಅಂದಾಗ ಅವ್ವ ತಲೆಯೆತ್ತಿ ನನ್ನನ್ನು ನೋಡಿದಳು. ಒಂದು ಕ್ಷಣ ಅಷ್ಟೇ. ಆಮೇಲೆ ನನ್ನ ತಟ್ಟೆಗೆ ಪುಂಡಿಪಲ್ಲೆ ಹಾಕಿದಳು. ಆ ವಿಷಯ ಅವಳ ಬಾಯಿಂದ ಎಂದೂ ಬರಲಿಲ್ಲ, ನನ್ನ ಬಾಯಿಂದಲೂ ಬರಲಿಲ್ಲ. ಆಯಿ ಮತ್ತೆ ಎಂದೂ ಜಗಲಿಯ ಮುಂದೆ ಕರ್ಪೂರ ಹಚ್ಚಗೊಡಲಿಲ್ಲ. ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ ಕಾಕಾನನ್ನು ಕರೆದು, ಅವನ ಕೈ ತನ್ನ ಕಣ್ಣಿಗೊತ್ತಿಕೊಂಡು, ನಾನು ಸುಟ್ಟೆ ನಾನು ಸುಟ್ಟೆ ಎನ್ನುತ್ತಿದ್ದಳು. ಅಲ್ಲ ಆಯಿ ಎಂದು ಹೇಳಬೇಕಾದವಳು ನಾನು. ಪ್ರತಿ ಸಲವೂ ನೀರು ತರುವ ನೆಪ ಮಾಡಿ ಎದ್ದು ಹೋದೆ. ಅವಳು ಹಾಗೆಯೇ ನಂಬಿಕೊಂಡು ಹೋದಳು.

ಕಾಲೇಜಿನಲ್ಲಿ ಓದುವಾಗ ಎಲ್ಲಕ್ಕೂ ಕಾರಣ ಸಿಕ್ಕಿತು. ತಿನ್ನರು, ಅಂಟು ಎರಡೂ ಆರುವುದೆಂದರೆ ಅವುಗಳ ಆವಿ ಗಾಳಿಗೆ ಸೇರುವುದು. ಆ ಆವಿ ಗಾಳಿಗಿಂತ ಭಾರ, ತಗ್ಗಿಗೆ ಇಳಿದು ನಿಲ್ಲುತ್ತದೆ. ಮುಚ್ಚಿದ ಕೋಣೆಯಲ್ಲಿ ಹೋಗಲು ದಾರಿಯಿಲ್ಲ. ಫೋಮು ತನ್ನ ಹೊಟ್ಟೆಯ ತುಂಬ ಗಾಳಿ ಇಟ್ಟುಕೊಂಡಿರುವುದರಿಂದ ಹೊತ್ತಿದರೆ ನಿಲ್ಲದು. ಪರೀಕ್ಷೆಯಲ್ಲಿ ಇದನ್ನೆಲ್ಲ ಬರೆದು ಒಳ್ಳೆಯ ಅಂಕ ಪಡೆದೆ. ಒಂದು ಪ್ರಶ್ನೆಗೆ ಮಾತ್ರ ಯಾವ ಪುಸ್ತಕದಲ್ಲೂ ಉತ್ತರ ಸಿಗಲಿಲ್ಲ. ಕಾಕಾ ಮೊದಲ ಸಲ ಕರೆದದ್ದಕ್ಕೂ ತಟ್ಟೆ ಬಿದ್ದದ್ದಕ್ಕೂ ನಡುವೆ ಎಷ್ಟು ಹೊತ್ತು? ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ ಆ ಎರಡು ಮಾತುಗಳನ್ನು ಅದೇ ದನಿಯಲ್ಲಿ ಅಂದುಕೊಂಡು ಎಣಿಸುತ್ತೇನೆ. ಕೆಲವು ದಿನ ಆರು ಬರುತ್ತದೆ, ಕೆಲವು ದಿನ ಹತ್ತು. ಅವನ ಆ ಎರಡು ಬೆರಳು ಎಷ್ಟನೆಯ ಎಣಿಕೆಗೆ ಹೋದವೋ ನನಗೆ ಗೊತ್ತಿಲ್ಲ.

ಈ ವರ್ಷ ಬಸವ ಜಯಂತಿಗೆ ಊರಿಗೆ ಹೋಗಿದ್ದೆ. ಬಸು ಈಗ ತನ್ನಪ್ಪನ ಅಂಗಡಿಯನ್ನು ಮತ್ತೆ ತೆರೆದು ತಾನೇ ನಡೆಸುತ್ತಾನೆ. ಅವನ ಮಗಳಿಗೆ ಮಕ್ಕಳ ನಾಟಕದಲ್ಲಿ ರಾಣಿಯ ಪಾತ್ರ. ಅಂಗಳದ ನಡುವೆ, ಬಿಸಿಲಿನಲ್ಲಿ, ಬಸು ಫೋಮು ಕತ್ತರಿಸಿ ಕಿರೀಟ ಅಂಟಿಸುತ್ತಿದ್ದ. ಕಾಕಾ ಕಟ್ಟೆಯ ಮೇಲೆ ಕೂತು ಪಹರೆ ಕಾಯುತ್ತಿದ್ದ. ಬೀಡಿ ಸೇದುವವನೊಬ್ಬ ಬೀದಿಯಲ್ಲಿ ಹೋದರೂ ಬೈದು ಆಚೆ ದಾಟಿಸುತ್ತಿದ್ದ. ನನ್ನನ್ನು ಹತ್ತಿರ ಕರೆದ.

“ಲೀಲಾ, ನಿನ್ನ ಬೆರಳ ಬೆನ್ನು ಹಚ್ಚಿ ನೋಡು. ನಂದು ತಿಳ್ಯಾಂಗಿಲ್ಲ.”

ಮುಟ್ಟಿದೆ. “ಅಂಟು ಅದ ಕಾಕಾ.”

“ಅಂದ್ರ ಆರಿಲ್ಲ. ಬಸ್ಯಾ, ಇನ್ನೆರಡು ತಾಸು ಬಿಡು. ರಾಣಿ ನಾಳಿ ಆಗ್ಲಿ, ಫಿಕರ್ ಇಲ್ಲ.” ತನ್ನ ಕೈ ನೋಡಿಕೊಂಡ. “ಅವತ್ತೂ ಅಂಟೇ ಇತ್ತು. ಮುಟ್ಟಿ ನೋಡಿದ್ದೆ. ಹೊರಗ ಮಂದಿ ಕಾಯಾಕತ್ತಾರಂತ ಆರ್ಯದ ಅಂದೆ.”

ಅವನು ಅದನ್ನು ಯಾರಿಗೂ ಹೇಳಿದವನಲ್ಲ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಒಳಗೆ ಹೋದೆ. ದೇವರ ಕೋಣೆಗೆ ಈಗಲೂ ಅದೇ ಬಾಗಿಲು, ಅದೇ ಚಿಲಕ. ಅಪ್ಪ ಕೊನೆಗೂ ಹೊಸದು ಹಾಕಿಸಲಿಲ್ಲ. ಬಾಗಿಲು ಮುಂದೆ ಮಾಡಿ ಚಿಲಕ ಹಾಕಿದೆ, ತೆಗೆದೆ. ಮತ್ತೆ ಹಾಕಿ ತೆಗೆದೆ. ಒಂದು ಎಂದು ಎಣಿಸುವುದರೊಳಗೆ ಅದು ಬಂದುಬಿಡುತ್ತಿತ್ತು. ಎಷ್ಟು ಸಲ ಹಾಗೆ ಮಾಡಿದೆನೋ, ಕಾಕಾ ಕಟ್ಟೆಯಿಂದ ಎದ್ದು ಪಡಸಾಲೆಗೆ ಬಂದದ್ದು ತಿಳಿಯಲಿಲ್ಲ.

“ಯಾರು ಒಳಗ?”

“ನಾನು, ಕಾಕಾ.” ಬಾಗಿಲ ಹಿಂದಿನಿಂದಲೇ ಅಂದೆ. “ಅವತ್ತು ಈ ಚಿಲಕಾ…”

“ಸಲೀಸ ಇತ್ತು. ನಿಮ್ಮವ್ವ ಎಣ್ಣಿ ಹಾಕೂದು ನಾ ನೋಡಿದ್ದೆ.”

ನನ್ನ ಕೈ ಚಿಲಕದ ಮೇಲೆಯೇ ಇತ್ತು. ಆಚೆ ಕಡೆಯಿಂದ ಅವನು ಅಂಗೈಯಿಂದ ಬಾಗಿಲನ್ನು ಮೆಲ್ಲಗೆ ತಳ್ಳಿದ.

“ತಗದೇ ಇಡು ಬೇ. ಗಾಳಿ ಬರ್ಲಿ.”